ಎಡಗಡೆ ಸೀಟಿನ ಅಕ್ಕ

ಕಾರಿನ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿಕೊಂಡು ತುಮಕೂರಿನಿಂದ ಬಂದ ನನ್ನ ಯಜಮಾನರು ಊಟಕ್ಕೆ ಕೂತರು. ಉಪ್ಪಿನಕಾಯಿ ಕೇಳುವ ದನಿಯಲ್ಲೇ, "ಆ ಮೇಸ್ತ್ರಿ ಹೆಂಡ್ತಿ ಹೋಗ್ಬಿಟ್ರಂತೆ ಕಣೇ" ಎಂದರು.

"ಯಾವಾಗ?"

"ತಿಥಿನೂ ಆಗೋಯ್ತಂತೆ. ಅವರ ಮೈದುನ ಹೇಳಿದ. ವಯಸ್ಸಾಗಿತ್ತು ಬಿಡಿ ಸಾರ್ ಅಂದ."

ನಾನು ಅಕ್ಕ ಎಂದೇ ಕರೆಯುತ್ತಿದ್ದ ಅವರಿಗೆ ಸಾಯುವಂಥ ವಯಸ್ಸೇನೂ ಆಗಿರಲಿಲ್ಲ. ನನಗಿಂತ ಒಂದಿಷ್ಟು ದೊಡ್ಡವರು, ಅಷ್ಟೆ. ಅವರ ಕಾರು ರಿಪೇರಿ ಶೆಡ್ಡು ಇಷ್ಟು ವರ್ಷ ಯಾರ ಕಿವಿಯಿಂದ ಅನ್ನ ತಿಂದಿತು ಎಂಬುದು ಆ ಮೈದುನನಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ 'ಬಿಡಿ ಸಾರ್' ಎಂದ.

ಬಹಳ ವರ್ಷಗಳ ಹಿಂದೆ ನಾವು ತುಮಕೂರಿನಲ್ಲಿ, ಕುಣಿಗಲ್ ರಸ್ತೆಯ ಮಗ್ಗುಲಲ್ಲಿ, ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಗುಬ್ಬಿಯ ಹೈಸ್ಕೂಲಿಗೆ ದಿನಾ ಹೋಗಿಬರುತ್ತಿದ್ದೆ. ಕೆಳಗಿನ ಮನೆಯಲ್ಲಿ ಮೇಸ್ತ್ರಿ ಮತ್ತು ಅವರ ಹೆಂಡತಿ. ಮನೆಯ ಮುಂದಿನ ಜಾಗದಲ್ಲಿ ಅವರ ತಗಡಿನ ಶೆಡ್ಡು. ಮೇಸ್ತ್ರಿ ಇಂಜಿನ್ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಗುಂಡಿಗಿಳಿದರೆ ಸದ್ದು ಮಾಡುವ ಕಾರು, ಬ್ರೇಕ್ ಒತ್ತಿದರೆ ಒಂದು ಕಡೆಗೆ ಎಳೆಯುವ ಕಾರು, ಹೊಸ ಟೈರನ್ನು ಒಳಮಗ್ಗುಲಲ್ಲೇ ಸವೆಸಿಹಾಕುವ ಕಾರು, ಇಂಥವನ್ನಷ್ಟೇ ನೋಡುತ್ತಿದ್ದರು. ಬೇರೆ ಕಡೆ ಎಲ್ಲ ಬದಲಾಯಿಸಿದರೂ ನಿಲ್ಲದ ಸದ್ದು ಇಲ್ಲಿ ನಿಲ್ಲುತ್ತದೆ ಎಂದು ಗುಬ್ಬಿ, ಕುಣಿಗಲ್ ಕಡೆಯಿಂದಲೂ ಜನ ಬರುತ್ತಿದ್ದರು.

ಮೇಸ್ತ್ರಿ ಬಿಚ್ಚುವುದಕ್ಕೆ ಮೊದಲು ಒಂದು ಸಲ, ಜೋಡಿಸಿದ ಮೇಲೆ ಒಂದು ಸಲ ಕಾರನ್ನು ಗೂಳೂರು ಕಡೆಗೆ ಓಡಿಸಿ ನೋಡುವುದು ರೂಢಿ. ಅವರು ಸ್ಟೇರಿಂಗ್ ಹಿಡಿದು ಕೂತ ತಕ್ಷಣ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಎಡಗಡೆ ಸೀಟಿನಲ್ಲಿ ಕೂರುತ್ತಿದ್ದರು. ಕೈಯಲ್ಲೊಂದು ಚೀಲ. "ಗೂಳೂರಲ್ಲಿ ಸೊಪ್ಪು ಚೆನ್ನಾಗಿರ್ತದೆ, ಅದ್ಕೇ" ಎನ್ನುತ್ತಿದ್ದರು. ಕಾರಿನ ಯಜಮಾನ ಹಿಂದೆ ಕೂರಬೇಕು. ಇದು ಬೀದಿಗೆಲ್ಲ ನಗೆಯ ವಿಷಯವಾಗಿತ್ತು. ಮೇಸ್ತ್ರಿಗೆ ಗೂಳೂರಲ್ಲಿ ಯಾರೋ ಇದ್ದಾಳೆ, ಅದಕ್ಕೇ ಹೆಂಡತಿ ಕಾವಲು ಹೋಗುತ್ತಾಳೆ ಎಂದು ಎದುರುಮನೆಯಾಕೆ ನನಗೆ ಮನೆಗೆ ಬಂದ ಹೊಸತರಲ್ಲೇ ಹೇಳಿದ್ದರು. ಮಕ್ಕಳಿಲ್ಲದವಳು ಬೇರೇನು ಮಾಡುತ್ತಾಳೆ ಎಂದೂ ಸೇರಿಸಿದ್ದರು.

ನಿಜ ಗೊತ್ತಾಗಿದ್ದು ನಮ್ಮ ಕಾರು ಸದ್ದು ಮಾಡತೊಡಗಿದಾಗ. ಹಳೆಯ ಕಾರು, ಸಣ್ಣ ಸಣ್ಣ ಗುಂಡಿಗಳಲ್ಲಿ ಮುಂದೆಲ್ಲೋ ಕಟಕಟ ಎನ್ನುತ್ತಿತ್ತು. ಆ ದಿನ ಯಜಮಾನರಿಗೆ ರಜೆ ಇರಲಿಲ್ಲ. ಹಿಂದಿನ ಸೀಟಿನಲ್ಲಿ ನಾನು ಕೂತೆ. ಶೆಡ್ಡು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಕ್ಕನ ಕೈ ಗೇರಿನ ಪಕ್ಕಕ್ಕೆ ಸರಿಯಿತು. ರಸ್ತೆ ಕಿತ್ತುಹೋದಲ್ಲೆಲ್ಲ ಅವರ ಬೆರಳು ಮೇಸ್ತ್ರಿಯ ಮೊಣಕಾಲ ಮೇಲೆ ತಟ್ಟುತ್ತಿತ್ತು. ಮೊದಲು ಗಂಡಹೆಂಡಿರ ಸಲಿಗೆ ಎಂದು ನಾನು ನಾಚಿ ಹೊರಗೆ ನೋಡಿದೆ. ಆಮೇಲೆ ನೋಡಿದರೆ ಗುಂಡಿಗೊಂದು ಬಗೆ ತಟ್ಟುತ್ತಿದ್ದರು. ಒಮ್ಮೆ ಬರಿಯ ಬೆರಳು, ಒಮ್ಮೆ ಇಡೀ ಅಂಗೈ. ನಾನು ಸುಮ್ಮನಿರಲಾರದೆ, "ಮೇಸ್ತ್ರಿ, ಸದ್ದು ಕೇಳಿಸ್ತಾ ಇದೆಯಾ?" ಎಂದೆ. ಅವರು ತಿರುಗಲಿಲ್ಲ. ಮತ್ತೆ ಕೇಳಿದೆ. ತಿರುಗಲಿಲ್ಲ.

ಅಕ್ಕ ಕತ್ತು ತಿರುಗಿಸಿ ನನ್ನನ್ನು ನೋಡಿದರು. ತುಟಿಯ ಮೇಲೆ ಬೆರಳಿಟ್ಟರು.

ಸಂಜೆ ನನ್ನ ಮನೆಯ ಮೆಟ್ಟಿಲು ಹತ್ತಿ ಬಂದರು. "ಮೇಡಮ್ಮ, ಕಂಡಿದ್ದು ನಿಮ್ಮಲ್ಲೇ ಇರ್ಲಿ. ಯಜಮಾನ್ರಿಗೆ ಕಿವಿ ಹೋಗಿ ಸುಮಾರು ದಿನ ಆಯ್ತು. ಹುಡ್ಗ ಆಗಿದ್ದಾಗ್ಲಿಂದ ಸುತ್ಗೆ ಸದ್ದಲ್ಲೇ ಬೆಳ್ದವ್ರು. ಜೋರಾಗಿ ಮಾತಾಡಿದ್ರೆ ತುಟಿ ನೋಡ್ಕೊಂಡು ಸುಧಾರಿಸ್ತಾರೆ. ಗಾಡಿ ಸದ್ದಿಗೆ ತುಟಿ ಎಲ್ಲದೆ?"

"ಡಾಕ್ಟ್ರಿಗೆ ತೋರಿಸಬಹುದಲ್ಲ, ಅಕ್ಕ? ಮಿಷನ್ ಹಾಕ್ತಾರೆ."

"ಕಿವೀಲಿ ಮಿಷನ್ ಇಟ್ಕೊಂಡಿರೋ ಮೇಸ್ತ್ರಿ ಹತ್ರ ಸದ್ದು ತೋರ್ಸೋಕೆ ಯಾರ್ ಬರ್ತಾರೆ ಹೇಳಿ?"

ಅಂದಿನಿಂದ ನಾವು ಹತ್ತಿರವಾದೆವು. ಹತ್ತಿರವಾದೆವು ಎಂದರೆ ಅವರು ಬೈಯುವವರ ಪಟ್ಟಿಯಲ್ಲಿ ನಾನೂ ಸೇರಿದೆ. ಅಕ್ಕ ಸಾಧುವಲ್ಲ. ನಾಲಿಗೆ ಚೂಪು. ಯಾರಿಗಾದರೂ ಕಾಫಿ ಕೊಡಬೇಕೆಂದರೆ ಹಾಲು ಕೆಟ್ಟುಹೋಗಿದೆ ಎನ್ನುವ ಪೈಕಿ. ಆ ಕಿವಿಗೆ ಕಾರಿನ ಸದ್ದಷ್ಟೇ ಅಲ್ಲ, ಮೂರನೇ ಮನೆಯ ಪಿಸುಮಾತೂ ಬೀಳುತ್ತಿತ್ತು. ಬಿದ್ದದ್ದನ್ನು ಮರುದಿನ ನಲ್ಲಿಯ ಹತ್ತಿರ ಎತ್ತಿ ಆಡುತ್ತಿದ್ದರು. "ನಿನ್ನೆ ನಿಮ್ ಯಜಮಾನ್ರು ತಟ್ಟೆ ಕುಕ್ಕಿದ್ರಲ್ಲ, ಉಪ್ಪು ಜಾಸ್ತಿ ಆಗಿತ್ತಾ?" ಎಂದು ಎಲ್ಲರೆದುರು ನನ್ನನ್ನು ಕೇಳಿದ್ದುಂಟು.

ತಮ್ಮ ಕಿವಿಯ ಬಗ್ಗೆ ವಿಪರೀತ ಜಂಬ. ದೊಡ್ಡ ಕೆಂಪು ಹರಳಿನ ಓಲೆ ಹಾಕಿಕೊಳ್ಳುತ್ತಿದ್ದರು. "ದುಡಿಯೋ ಅಂಗಕ್ಕೆ ಒಡ್ವೆ ಇರ್ಬೇಕು" ಎನ್ನುತ್ತಿದ್ದರು. ಆದರೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಯಾವ ಭಾಗಕ್ಕೆ ಏನು ಹೆಸರು ಎಂಬುದೂ ಪೂರಾ ಬರುತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಸದ್ದು. ಸಣ್ಣ ಗುಂಡಿಗಳಲ್ಲಿ ಕಟಕಟ ಎಂದರೆ ಲಿಂಕ್ ರಾಡು. ಬ್ರೇಕ್ ಒತ್ತಿದಾಗ ದಪ್ಪಗೆ ಒಂದೇ ಸಲ 'ಧಡ್' ಎಂದರೆ ಚಕ್ರ ಹಿಡಿದ ಕಬ್ಬಿಣದ ತೋಳಿನ ಬುಷ್ಷು, ರಬ್ಬರ್ ಹರಿದಿದೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗು ನರಳಿದರೆ ಮೇಲಿನ ಬೇರಿಂಗು. ಇಷ್ಟನ್ನು ಅವರು ಮೊಣಕಾಲ ಮೇಲೆ ತಟ್ಟಿ ಹೇಳುತ್ತಿದ್ದರು. ಬಿಚ್ಚಿ, ನೋಡಿ, ಸರಿಮಾಡುವ ಕೈ ಮೇಸ್ತ್ರಿಯದು. ಆ ಕೈಯೂ ಸಾಮಾನ್ಯದ್ದಲ್ಲ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

"ಎಡಗಡೆಯದೇ ಯಾಕಕ್ಕ ಮೊದಲು ಹಾಳಾಗೋದು?" ಎಂದು ಒಮ್ಮೆ ಕೇಳಿದೆ. ನಮ್ಮ ಕಾರಿನಲ್ಲೂ ಹಾಗೇ ಆಗಿತ್ತು.

"ಗಂಡಸ್ರು ರೋಡ್ ಮಧ್ಯ ಕೂತ್ಕೊಂಡು ಓಡ್ಸ್ತಾರೆ. ನಮ್ಮನ್ನ ಅಂಚಲ್ಲಿ ಕೂರಿಸ್ತಾರೆ. ಗುಂಡಿ ಇರೋದೆಲ್ಲ ಅಂಚಲ್ಲೇ. ಸದ್ದು ಬರೋದು ನಮ್ ಕಾಲ್ ಕೆಳ್ಗೆ, ಅವ್ರಿಗೆಲ್ಲಿ ಕೇಳಿಸ್ತದೆ? ಹೇಳಿದ್ರೆ ರೇಡಿಯೋ ಜೋರು ಮಾಡ್ತಾರೆ."

ಕೆಲಸ ಮುಗಿದ ಮೇಲೆ ಗಿರಾಕಿಗಳು, "ನಿಮ್ಮ ಕಿವಿಗೆ ಕೈ ಮುಗೀಬೇಕು ಮೇಸ್ತ್ರಿ" ಎನ್ನುತ್ತಿದ್ದರು. ಮೇಸ್ತ್ರಿ ಅವರ ತುಟಿ ನೋಡಿ ನಗುತ್ತಿದ್ದರು. ಒಂದು ಸಲವೂ ಅಡುಗೆಮನೆಯ ಕಡೆ ಕೈ ತೋರಿಸಲಿಲ್ಲ. ಆಗ ಒಳಗೆ ಪಾತ್ರೆಗಳು ಜೋರಾಗಿ ಸದ್ದು ಮಾಡುತ್ತಿದ್ದವು. ಆ ಸದ್ದೂ ಮೇಸ್ತ್ರಿಗೆ ಕೇಳಿಸುತ್ತಿರಲಿಲ್ಲ.

ಹೀಗೇ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಮೇಸ್ತ್ರಿಯ ತಮ್ಮ ಶೆಡ್ಡಿಗೆ ಬಂದು ಸೇರಿಕೊಂಡ. ಮಾತುಗಾರ. ಗಿರಾಕಿಗಳನ್ನು ಕೂರಿಸುವುದು, ಫೋನು, ಸಾಮಾನು ತರಿಸುವುದು ಎಲ್ಲ ಅವನದಾಯಿತು. ಅತ್ತಿಗೆ ಗಾಡಿಯಲ್ಲಿ ಕೂರುವುದು ಅವನಿಗೆ ಹಿಡಿಸಲಿಲ್ಲ. "ನಾಕ್ ಜನ ನಗ್ತಾರೆ ಅತ್ಗೆ" ಎಂದು ಆಗಾಗ ಅನ್ನುತ್ತಿದ್ದ. ಅಣ್ಣನ ಕಿವಿಯ ವಿಷಯ ಅವನಿಗೂ ಗೊತ್ತಿತ್ತು. ಅದನ್ನು ಮುಚ್ಚಿಡಲು ತಾನೊಬ್ಬ ಸಾಕು ಎಂದುಕೊಂಡಿದ್ದನೋ ಏನೋ.

ಆ ದಿನ ಕುಣಿಗಲ್‌ನ ಒಂದು ಸಂಸಾರ ಬಂತು. ಅಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವರು, ಅವರ ಹೆಂಡತಿ, ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಗಳು. ಮನೆಯಲ್ಲಿ ಏನೋ ಕಾರ್ಯವಿತ್ತು, ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದರು. ತಿರುವಿನಲ್ಲಿ ಕಾರು ಸದ್ದು ಮಾಡುತ್ತಿದೆ, ಹೇಗೂ ದಾರಿಯಲ್ಲೇ ಇದೆಯಲ್ಲ ಎಂದು ಶೆಡ್ಡಿಗೆ ತಂದರು. ಮೈದುನ ಹೊಸ ಲಿಂಕ್ ರಾಡ್ ಹಾಕಿಸಿದ. ಗೂಳೂರಿನ ಕಡೆ ಹೋಗಿಬಂದರು. ಅಕ್ಕನೂ ಹೋಗಿದ್ದರು.

ನನಗೆ ಅವತ್ತು ಶಾಲೆಗೆ ರಜೆ. ಮೆಟ್ಟಿಲ ಮೇಲೆ ಕೂತು ಅವರೇಕಾಯಿ ಸುಲಿಯುತ್ತಿದ್ದೆ. ಕಾರು ವಾಪಸು ಬಂದಾಗ ಅಕ್ಕನ ಮುಖ ನೋಡಿ ಏನೋ ಸರಿಯಿಲ್ಲ ಎನಿಸಿತು. ಮೇಸ್ತ್ರಿ ಎಡ ಚಕ್ರವನ್ನು ಜಾಕಿನ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಚಕ್ರವನ್ನು ಕೆಳಗಿನ ತೋಳಿಗೆ ಹಿಡಿದಿಡುವ ಒಂದು ಗುಂಡು ಕೀಲಿರುತ್ತದೆ, ಬಾಲ್ ಜಾಯಿಂಟ್ ಎನ್ನುತ್ತಾರೆ. ಅದು ಸವೆದರೆ ಅಲುಗಾಟ ಕೈಗೆ ಸಿಗುತ್ತದೆ, ಕೆಲವು ಸಲ ಸಿಗುವುದೂ ಇಲ್ಲ. ಮೇಸ್ತ್ರಿ ಇನ್ನೊಮ್ಮೆ ಅಲುಗಿಸಿ, ಆ ಕೀಲಿನ ಕಡೆ ತಮ್ಮನಿಗೆ ಬೆರಳು ತೋರಿಸಿದರು.

"ಅಂಥಾದ್ದೇನಿಲ್ಲ ಸಾರ್, ಆ ಐಟಂ ಈಗ ಸ್ಟಾಕಿಲ್ಲ. ನಿಧಾನಕ್ಕೆ ಹೋಗಿ. ಮುಂದಿನ್ವಾರ ಬನ್ನಿ, ಹಾಕ್ಸ್ಬುಡ್ತೀನಿ" ಎಂದ ತಮ್ಮ.

ಆಗ ಅಕ್ಕ ಎಲ್ಲರೆದುರು ಬಾಯಿಬಿಟ್ಟರು. "ಬ್ಯಾಡಿ ಅಣ್ಣ. ಗಾಡಿ ಇಲ್ಲೇ ಬುಟ್ಟು ಬಸ್ಸಲ್ಲಿ ಹೋಗಿ. ಎಡಗಡೆ ಚಕ್ರ ಇವತ್ತೋ ನಾಳೆಯೋ ಅನ್ನಂಗದೆ."

ಅಂಗಡಿಯವರು ಅವರನ್ನು ಮೇಲಿಂದ ಕೆಳಗೆ ನೋಡಿದರು. ನಗುತ್ತ, "ಅಲ್ಲ, ಈ ಶೆಡ್ಡಲ್ಲಿ ಮೇಸ್ತ್ರಿ ಯಾರು, ನೀವಾ ಇವ್ರಾ?" ಎಂದರು. ಅಲ್ಲಿದ್ದ ಬೇರೆ ಗಿರಾಕಿಗಳೂ ನಕ್ಕರು. ತಮ್ಮನೂ ನಕ್ಕ. ಮೇಸ್ತ್ರಿಗೆ ಮಾತು ಕೇಳಿಸಿರಲಿಲ್ಲ, ನಗು ಕಂಡಿತ್ತು. ಎಲ್ಲರೂ ತನ್ನನ್ನೇ ನೋಡಿ ನಗುತ್ತಿದ್ದಾರೆ ಎಂದು ಅವರ ಮುಖ ಕೆಂಪಾಯಿತು.

"ಒಳಗ್ ಹೋಗು" ಎಂದರು ಹೆಂಡತಿಗೆ.

"ನೀವೇ ಹೇಳಿ. ನಾನು ದಾರಿ ಉದ್ದಕ್ಕೂ ತಟ್ಟಿದ್ನೋ ಇಲ್ವೋ?"

"ಒಳಗ್ ಹೋಗಂದ್ನಲ್ಲ!" ಕಿವಿ ಕೇಳದವರ ದನಿ ಅಂದಾಜಿಲ್ಲದೆ ಏರುತ್ತದೆ. ರಸ್ತೆಯಾಚೆಯವರೂ ತಿರುಗಿ ನೋಡಿದರು.

ಅಕ್ಕ ಒಳಗೆ ಹೋದರು. ಹಿತ್ತಿಲ ಬಾಗಿಲಿನಿಂದ ಸುತ್ತಿಕೊಂಡು ಬಂದು, ಹೊರಡಲಿದ್ದ ಕಾರಿನ ಎಡಗಡೆ ಕಿಟಕಿಗೆ ಬಗ್ಗಿದರು. ಅಲ್ಲಿ ಕೂತಿದ್ದ ಆ ಹೆಂಗಸಿಗೆ, "ತಾಯಿ, ಕಾಲ್ ಕೆಳ್ಗೆ ಟಕ್ ಅಂತ ಬಡಿದ್ರೆ ಗಾಡಿ ನಿಲ್ಸಿ ಇಳ್ದುಬುಡಿ. ಆಯ್ತಾ?" ಎಂದರು. ಆಕೆ ತಲೆಯಾಡಿಸಿದರು. ಕಾರು ಹೋಯಿತು.

ಹೆಬ್ಬೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಎಡಗಡೆ ಚಕ್ರ ಹೊರಕ್ಕೆ ಮಡಿಚಿಕೊಂಡು ಕಾರಿನ ಮೂತಿ ನೆಲಕ್ಕೆ ಕುಸಿಯಿತು. ಕಾರು ಅಂಚಿನ ಮರಕ್ಕೆ ಎಡಮಗ್ಗುಲಲ್ಲೇ ಬಡಿಯಿತು. ಅಂಗಡಿಯವರಿಗೆ ಕೈ ಮುರಿಯಿತು, ಹಿಂದಿದ್ದ ಮಗಳಿಗೆ ಗೀರುಗಾಯ. ಎಡಗಡೆ ಕೂತಿದ್ದವರು ಆಸ್ಪತ್ರೆ ಮುಟ್ಟಲಿಲ್ಲ.

ಮರುದಿನ ಕುಣಿಗಲ್‌ನಿಂದ ನೆಂಟರು ಬಂದು ಶೆಡ್ಡಿನಲ್ಲಿ ಕೂಗಾಡಿದರು, ಟ್ಯೂಬ್‌ಲೈಟು ಒಡೆದರು. ಪೊಲೀಸರು ಬಂದರು. ನಾನು ಮೆಟ್ಟಿಲಿಳಿದು ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಈಯಮ್ಮ ಹೋಗಬೇಡಿ ಅಂತ ಅಂಗಲಾಚಿದ್ರು. ಮೇಲೆ ಕೂತು ನಾನೇ ಕೇಳಿದೀನಿ. ಗಾಡಿ ಬಿಟ್ಟು ಬಸ್ಸಲ್ಲಿ ಹೋಗಿ ಅಂದ್ರು." ನನ್ನ ಮಾತಿನಿಂದ ಅಕ್ಕನ ಮರ್ಯಾದೆ ಉಳಿಯುತ್ತದೆ ಎಂದುಕೊಂಡೆ. ಎದುರುಮನೆಯಾಕೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಸಂಜೆಯೊಳಗೆ ಬೀದಿಯಲ್ಲಿ ಆ ಮಾತು ಬೇರೆಯೇ ಆಗಿತ್ತು. ಹೊರಡುವ ಹೊತ್ತಿನಲ್ಲಿ ಬಂಜೆ ಬಾಯಿ ಹಾಕಿದಳಂತೆ. ಕಿಟಕಿಗೆ ಬಗ್ಗಿ ಆಕೆಯ ಮುಖ ನೋಡಿಯೇ ನುಡಿದಳಂತೆ. ನುಡಿದದ್ದು ಹಾಗೇ ಆಯಿತಂತೆ.

ಮೈದುನನಿಗೆ ಈ ಮಾತು ಅನುಕೂಲವಾಗಿತ್ತು. ಅವನು ಇಲ್ಲ ಎನ್ನಲಿಲ್ಲ. ಯಾರು ಯಾರ ಜೊತೆ ಮಾತಾಡಿಕೊಂಡರೋ, ಕೊನೆಗೆ ಎಮ್ಮೆ ಅಡ್ಡ ಬಂದು ಅಪಘಾತವಾಯಿತು ಎಂದು ತೀರ್ಮಾನವಾಯಿತು. ಪೊಲೀಸರ ಪಾಲಿಗೆ ಎಮ್ಮೆ, ಬೀದಿಯ ಪಾಲಿಗೆ ಅಕ್ಕ. ಸವೆದ ಆ ಕೀಲಿನ ಮಾತನ್ನು ಯಾರೂ ಎತ್ತಲಿಲ್ಲ.

ಅರಿಶಿನ ಕುಂಕುಮಕ್ಕೆ ಅಕ್ಕನನ್ನು ಕರೆಯುವುದು ನಿಂತಿತು. ಬೆಳಿಗ್ಗೆ ಸ್ಕೂಟರ್ ಸ್ಟಾರ್ಟ್ ಮಾಡುವ ಗಂಡಸರು ಅಕ್ಕ ರಂಗೋಲಿ ಮುಗಿಸಿ ಒಳಗೆ ಹೋಗುವ ತನಕ ಕಾಯುತ್ತಿದ್ದರು. ಮೇಸ್ತ್ರಿ ಅವರನ್ನು ಮತ್ತೆ ಯಾವ ಕಾರಿನಲ್ಲೂ ಕೂರಿಸಲಿಲ್ಲ. ಮೈದುನ ಚಕ್ರದ ಓರೆ ಅಳೆಯುವ ಒಂದು ಅಲೈನ್‌ಮೆಂಟ್ ಮಿಷನ್ ತರಿಸಿದ. ಮೇಸ್ತ್ರಿ ಅವನು ಹೇಳಿದ್ದನ್ನು ಬಿಚ್ಚಿ, ಅವನು ಹೇಳಿದ್ದನ್ನು ಹಾಕುವ ಆಳಾದರು. ಹೆಂಡತಿ ತಟ್ಟಿದ್ದು ನಿಜ ಎಂಬ ಒಂದು ಮಾತನ್ನು ಆ ಮನುಷ್ಯ ಸಾಯುವವರೆಗೆ ಯಾರೆದುರೂ ಆಡಲಿಲ್ಲ. ಆಡಬೇಕಾದರೆ ಕಿವಿಯ ವಿಷಯವೂ ಆಡಬೇಕಿತ್ತಲ್ಲ.

ಒಂದು ಭಾನುವಾರ ಅಕ್ಕ ಬಂದು, "ಮೇಡಮ್ಮ, ಕುಣಿಗಲ್‌ಗೆ ಹೋಗ್ಬರಾಣ ಬನ್ನಿ" ಎಂದರು.

"ಯಾಕಕ್ಕ? ಬೈತಾರೆ."

"ಬೈಲಿ ಅಂತಾನೇ. ಇಲ್ಲಿ ಯಾರೂ ಎದುರಿಗೆ ಬೈತಿಲ್ಲ."

ಬಸ್ಸಿನಲ್ಲಿ ಹೋದೆವು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಡಿಯವರು ಜಗುಲಿಯಲ್ಲಿ ಕತ್ತಿಗೆ ಪಟ್ಟಿ ಹಾಕಿ ಕೈ ತೂಗುಹಾಕಿಕೊಂಡು ಕೂತಿದ್ದರು. ಅಕ್ಕನನ್ನು ಗುರುತು ಹಿಡಿದು, "ಇನ್ನೇನ್ ನುಡಿಯಕ್ ಬಂದೆ?" ಎಂದರು. ಅಕ್ಕ ಅಂಗಳದಲ್ಲೇ ನಿಂತರು. ಅವರು ಬೈದರು. ತುಂಬ ಬೈದರು. ಬೈದು ಸುಸ್ತಾಗಿ ಎದ್ದು ಒಳಗೆ ಹೋದರು. ನಾವು ತಿರುಗಿ ಗೇಟಿನವರೆಗೆ ಬರುವಷ್ಟರಲ್ಲಿ ಆ ಮಗಳು ಹಿಂದೆಯೇ ಬಂದಳು.

"ಆಂಟಿ, ಒಂದ್ ನಿಮಿಷ." ಒಳಗೆ ಕೇಳಿಸದಂತೆ ತಗ್ಗಿದ ದನಿ. "ಅಮ್ಮಂಗೂ ಕೇಳಿಸ್ತಾ ಇತ್ತು. ಗೂಳೂರು ದಾಟಿದ್ಮೇಲೆ ಶುರು ಮಾಡಿದ್ರು, ಕಾಲ ಕೆಳಗೆ ಬಡೀತಾ ಇದೆ, ನಿಲ್ಸಿ, ಅಂತ. ಅಪ್ಪ, ಆ ಹೆಂಗ್ಸು ನಿನ್ ತಲೇಲಿ ಹುಳ ಬಿಟ್ಟವ್ಳೆ ಅಂದ್ಬಿಟ್ಟು ಹಾಡು ಜೋರು ಮಾಡಿದ್ರು. ಅಮ್ಮ ಹೆಬ್ಬೂರಲ್ಲೂ ಹೇಳಿದ್ರು. ಆಮೇಲೆ ಸುಮ್ನಾಗ್ಬಿಟ್ರು. ಕಾಲು ಮೇಲೆತ್ತಿ ಮಡಿಚಿಟ್ಕೊಂಡು ಕೂತಿದ್ರು."

ಅಕ್ಕ ಆ ಹುಡುಗಿಯ ಕೈ ಹಿಡಿದುಕೊಂಡರು. "ಅಪ್ಪಂಗೆ ಇದ್ನ ಯಾವತ್ತಾದ್ರೂ ಅಂದಿಯಾ?"

"ಇಲ್ಲ."

"ಅನ್ಬೇಡ. ಅವ್ರ್ಗೂ ಗೊತ್ತದೆ. ಅದ್ಕೇ ಅಷ್ಟು ಬೈದ್ರು."

ವಾಪಸು ಬರುವಾಗ ಬಸ್ಸಿನ ಹಿಂದಿನ ಸೀಟು ಸಿಕ್ಕಿತು. ಹೆಬ್ಬೂರು ಬಂದಾಗ ಅಕ್ಕ ನನ್ನ ಕಡೆ ತಿರುಗಿದರು. ಅಲ್ಲಿಯವರೆಗೆ ಮೇಡಮ್ಮ ಎನ್ನುತ್ತಿದ್ದವರು ಅಂದಿನಿಂದ ನೀನು ಎನ್ನತೊಡಗಿದರು.

"ನಂಗೊಬ್ಳಿಗೇ ಕೇಳಿಸ್ತದೆ ಅಂತ ಮೆರೀತಿದ್ದೆ ಕಣವ್ವ" ಎಂದರು. "ಎಲ್ಲ ಹೆಂಗಸ್ರಿಗೂ ಕೇಳಿಸ್ತದೆ."

ಕೊನೆಯ ವರ್ಷಗಳಲ್ಲಿ ಮೇಸ್ತ್ರಿಗೆ ತುಟಿ ನೋಡಿದರೂ ಅರ್ಥವಾಗುತ್ತಿರಲಿಲ್ಲ, ಕಣ್ಣೂ ಮಂಜಾಗಿತ್ತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂರುತ್ತಿದ್ದರು. ಅಕ್ಕ ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂತು ಅವರನ್ನು ಬೈಯುತ್ತಿದ್ದರು. ಸಾವಕಾಶವಾಗಿ, ಒಂದೂ ಬಿಡದೆ. ಆ ಕಾರು, ಆ ಹೆಂಗಸು, ಎಲ್ಲರೆದುರು 'ಒಳಗ್ ಹೋಗು' ಎಂದದ್ದು. ಹೆಂಡತಿ ಏನೋ ಊರ ಸುದ್ದಿ ಹೇಳುತ್ತಿದ್ದಾಳೆ ಎಂದುಕೊಂಡು ಮೇಸ್ತ್ರಿ ನಗುತ್ತ ತಲೆಯಾಡಿಸುತ್ತಿದ್ದರು.

"ಕೇಳಿಸದೇ ಇರೋರಿಗೆ ಬೈದು ಏನ್ ಬಂತು ಅಕ್ಕ?" ಎಂದೆ.

"ಕೇಳಿಸ್ತಿದ್ದಾಗ ಹೇಳಿ ಏನ್ ಬಂತು?"

ಬೈದು ಮುಗಿದ ಮೇಲೆ ಅವರೇ ಮುದ್ದೆ ಮುರಿದು ಗಂಡನಿಗೆ ಉಣ್ಣಿಸುತ್ತಿದ್ದರು. ಇದರಲ್ಲಿ ಪ್ರೀತಿ ಎಷ್ಟು, ಹಟ ಎಷ್ಟು ಎಂದು ನಾನು ಹೇಳಲಾರೆ.

ಮೇಸ್ತ್ರಿ ಹೋದ ಮೇಲೆ ಶೆಡ್ಡು, ಮನೆ ಎರಡೂ ಮೈದುನನ ಕೈಗೆ ಹೋದವು. ಅಕ್ಕನಿಗೆ ಹಿತ್ತಿಲ ಕೋಣೆ ಕೊಟ್ಟರು. ಮಿಷನ್ ಇದ್ದರೂ ಸದ್ದು ನಿಲ್ಲದ ಕಾರುಗಳು ಬರುತ್ತಲೇ ಇದ್ದವು. ಒಮ್ಮೆ ಮೈದುನನೇ ಹಿತ್ತಿಲಿಗೆ ಬಂದು, "ಅತ್ಗೆ, ಈ ಗಾಡೀಲಿ ಒಂದ್ ರೌಂಡ್ ಬನ್ನಿ, ಯಾರೂ ಇಲ್ಲ ಈಗ" ಎಂದನಂತೆ. "ಯಾರೂ ಇಲ್ದಾಗ ಬರೋಕೆ ನಾನೇನ್ ಕದ್ದೋಳೇನ್ಲಾ?" ಎಂದು ಬಾಗಿಲು ಹಾಕಿಕೊಂಡರಂತೆ. ಅದಾದ ಸ್ವಲ್ಪ ದಿನಕ್ಕೆ ಚೀಲ ಹಿಡಿದು ನಿಟ್ಟೂರಿನ ತಂಗಿಯ ಮನೆಗೆ ಹೋದರು. ಅಷ್ಟರಲ್ಲಿ ನಾವೂ ಗುಬ್ಬಿಗೆ ಮನೆ ಬದಲಾಯಿಸಿದ್ದೆವು.

ಕೊನೆಯ ಸಲ ಅವರು ಸಿಕ್ಕಿದ್ದು ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ, ಕಳೆದ ವರ್ಷ ಬೇಸಿಗೆಯಲ್ಲಿ. ತುಂಬ ಇಳಿದುಹೋಗಿದ್ದರು. ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತಿದ್ದೇನೆ ಎಂದರು, ಏನು ಕಾಯಿಲೆ ಎಂದು ಹೇಳಲಿಲ್ಲ. ನಿಟ್ಟೂರಿನ ಬಸ್ಸಿಗೆ ಕಾಯುತ್ತಿದ್ದರು. ನಮ್ಮ ಕಾರು ರಸ್ತೆಯಾಚೆ ನಿಂತಿತ್ತು. ಯಜಮಾನರು ಒಳಗೆ ಕೂತಿದ್ದರು.

"ಬನ್ನಿ ಅಕ್ಕ, ಕಾರಲ್ಲಿ ಬಿಟ್ಟುಬರ್ತೀವಿ. ಈ ಬಿಸಿಲಲ್ಲಿ ಯಾಕೆ?"

"ಬ್ಯಾಡ ಕಣವ್ವ. ಕೂತ್ರೆ ಕೇಳಿಸ್ತದೆ. ಕೇಳಿಸಿದ್ರೆ ಬಾಯ್ ಸುಮ್ನಿರಲ್ಲ."

"ಹೇಳಿ. ನಾನು ಕೇಳ್ತೀನಲ್ಲ?"

"ನೀನ್ ಕೇಳ್ತೀಯ" ಎಂದರು ಅಕ್ಕ, ನನ್ನ ಕೆನ್ನೆ ಮುಟ್ಟಿ. "ನೀನ್ ಕೇಳಿದ್ರೆ ಗಾಡಿ ನಿಂತ್ಕೋತದಾ?"

ಅಷ್ಟರಲ್ಲಿ ಹೊತ್ತಾಯಿತೆಂದು ಯಜಮಾನರು ಹಾರ್ನ್ ಹೊಡೆದರು. ನಿಟ್ಟೂರಿನ ಬಸ್ಸು ಬಂತು. ಅಕ್ಕ ನೂಕಾಟದಲ್ಲಿ ಹೇಗೋ ಹತ್ತಿ, ಸೀಟು ಸಿಗದೆ ಕಂಬಿ ಹಿಡಿದು ನಿಂತರು. ಕಿಟಕಿಗಳ ನಡುವೆ ಅವರ ಮುಖ ಹುಡುಕುತ್ತ ನಾನು ಇನ್ನೂ ಅಲ್ಲೇ ನಿಂತಿದ್ದೆ. ಯಜಮಾನರು ಮತ್ತೆ ಹಾರ್ನ್ ಹೊಡೆದರು.